ತಲೆಗೊಂದು ಕಲ್ಲು

ಸರ್ಕಾರ ಇನ್ನೂ ದೊಡ್ಡದಾಗಬೇಕು, ಎಲ್ಲದಕ್ಕೂ ಒಂದೊಂದು ಇಲಾಖೆ ಬೇಕು ಅಂತ ಯಾರಾದರೂ ನನ್ನೆದುರು ಭಾಷಣ ಬಿಗಿದರೆ ಮೈಯೆಲ್ಲ ಉರೀತದೆ. ಅಂಥೋರನ್ನ ಕರ್ಕೊಂಡು ಹೋಗಿ ನಮ್ಮೂರ ಏರಿನ ಗುಂಡಿಯೊಳಗೆ ನಿಲ್ಲಿಸಬೇಕು. ಮಳೆಗಾಲದಲ್ಲಿ ಮೊಣಕಾಲು ಕಾಣಲ್ಲ. ಆಮೇಲೆ ಮಾಡಲಿ ಭಾಷಣ.

ತೊಂಬತ್ತರ ದಶಕದ ಮಾತು. ಯಸಳೂರಿನ ತನಕ ಬಸ್ಸು ಬರೋದು. ಅಲ್ಲಿಂದ ಮೇಲೆ ನಮ್ಮೂರಿಗೆ ಕಾಲೇ ಗತಿ. ದೊಡ್ಡ ಎಸ್ಟೇಟಿನೋರಿಗೆ ಜೀಪು, ಟ್ರ್ಯಾಕ್ಟರು ಎಲ್ಲ ಇತ್ತು. ಅರ್ಧ ಎಕರೆ, ಒಂದು ಎಕರೆಯ ನಮ್ಮಂಥೋರು ಕಾಫಿ, ಮೆಣಸು ಅಂತ ಏನಿದ್ದರೂ ತಲೆ ಮೇಲೆ ಹೊತ್ತೇ ಇಳಿಸಬೇಕು. ಅಪ್ಪ ಬಿಟ್ಟು ಹೋಗಿದ್ದ ಎತ್ತು, ಗಾಡಿ ಮಾರಿ ನಾನೊಂದು ಹಳೇ ಜೀಪು ತಂದೆ. ಅದರಿಂದಲೇ ನನ್ನ ಮನೆಯ ಒಲೆ ಉರೀತಿತ್ತು. ಊರಿನ ಬಾಣಂತಿ, ಜ್ವರದೋರು, ಮೂಟೆ, ಕೋಳಿ ಎಲ್ಲ ಅದರಲ್ಲೇ ಇಳಿಯೋದು. ಅದೊಂದು ನಿಂತರೆ ನಾನೂ ನಿಂತೆ, ಊರೂ ನಿಂತಿತು ಅನ್ನೋ ಹಾಗಿತ್ತು.

ಕಳ್ಳದಾರಿ ಬೇಡ, ಕಾನೂನು ಪ್ರಕಾರವೇ ಹೋಗೋಣ ಅಂತ ಪೇಟೆಯ ಆರ್‌ಟಿಓ ಆಫೀಸಿಗೆ ಚಪ್ಪಲಿ ಸವೆಯೋ ತನಕ ಅಲೆದು ಬಾಡಿಗೆ ಗಾಡಿಯ ಹಳದಿ ಬೋರ್ಡು ಮಾಡಿಸಿದೆ. ಮೂರು ತಿಂಗಳಿಗೊಮ್ಮೆ ಟ್ಯಾಕ್ಸು. ರೋಡ್ ಟ್ಯಾಕ್ಸು ಅಂತ ಅದರ ಹೆಸರು. ಯಾವ ರೋಡು ಸ್ವಾಮಿ? ಹೊಳೆ ದಾಟಿ ಏರು ಹತ್ತುವಾಗ ತಿರುವಿನಲ್ಲಿ ಒಂದು ಗುಂಡಿ ಇತ್ತು. ಎಮ್ಮೆ ಮಲಗಿದರೆ ಕೊಂಬು ಮಾತ್ರ ಕಾಣಬೇಕು, ಅಂಥದ್ದು. ಅರ್ಜಿ ಕೊಟ್ಟಾಯ್ತು. ಒಂದು ಸಲ ಯಾರೋ ಬಂದು ಟೇಪು ಹಿಡಿದು ಗುಂಡಿ ಅಳೆದುಕೊಂಡೂ ಹೋದರು. ಗುಂಡಿಗೆ ಅಳತೆ ಸಿಕ್ಕಿತು, ಮಣ್ಣು ಸಿಗಲಿಲ್ಲ.

ಕೊನೆಗೆ ನಾನೇ ನನ್ನ ಜೀಪಿಗೆ ಒಂದು ಕಾನೂನು ಮಾಡಿದೆ. ಮೇಲೆ ಬರುವಾಗ ಹೊಳೆ ಹತ್ತಿರ ನಿಲ್ಲಿಸ್ತೀನಿ. ಎಲ್ಲರೂ ಇಳಿದು ತಲೆಗೊಂದು ಕಲ್ಲು ಎತ್ಕೋಬೇಕು. ತಿರುವಿನಲ್ಲಿ ಅದನ್ನ ಗುಂಡಿಗೆ ಹಾಕಿ ತುಳಿದು ಮತ್ತೆ ಹತ್ತಬೇಕು. ಕಲ್ಲಿಲ್ಲದೋರಿಗೆ ಸೀಟಿಲ್ಲ. ಒಬ್ಬರೂ ಗೊಣಗಲಿಲ್ಲ ಕಣ್ರೀ. ಯಾಕೆ ಗೊಣಗ್ತಾರೆ? ತಾವು ಹಾಕಿದ ಕಲ್ಲು ಎಲ್ಲಿ ಬಿತ್ತು ಅಂತ ಕಣ್ಣಾರೆ ಕಾಣೋದು. ಮಾರನೇ ದಿನ ಅದರ ಮೇಲೇ ಚಕ್ರ ಹತ್ತಿ ಹೋಗೋದು.

ನಮ್ಮೂರಲ್ಲಿ ಒಬ್ಬಳು ಅಜ್ಜಿ ಇದ್ದಳು. ಒಂಟಿ ಜೀವ. ಮನೆ ಹಿಂದಿನ ಬಳ್ಳಿಯ ವೀಳ್ಯದೆಲೆ ಕುಯ್ದು ವಾರ ವಾರ ಯಸಳೂರಿಗೆ ತಂದು ಮಾರೋಳು. ಅವಳು ಹೊಳೆಯಿಂದ ಎತ್ಕೊಂಡು ಬರೋದು ನಿಂಬೆಹಣ್ಣಿನಷ್ಟು ಕಲ್ಲು.

“ಏನಜ್ಜಿ, ಇದು ಗುಂಡಿಗೋ, ಉಪ್ಪಿನಕಾಯಿಗೋ?” ಅಂತ ನಾನು ರೇಗಿಸೋದು.

“ನಾನೇನ್ ಭಾರ ಇವ್ನಿ ಅಂತ ನಿನ್ ಜೀಪಿಗೆ? ನನ್ ಭಾರಕ್ಕೆ ಇಷ್ಟು ಸಾಕು ಕಣ್ಲಾ. ಆ ಅಂಗಡಿ ಯಜಮಾನ್ರುನ್ ಕೇಳು, ಅವ್ರು ಹೊಟ್ಟೆಗೆ ತಕ್ಕಂಗೆ ತರ್ಲಿ.”

ಅಂಗಡಿ ಯಜಮಾನರು ನಕ್ಕೊಂಡೇ ಎರಡು ಕೈಯಲ್ಲಿ ಎತ್ತೋವಂಥ ಕಲ್ಲು ಹೊತ್ಕೊಂಡು ಬರೋರು. ಒಂದು ಬೇಸಿಗೆ ಮುಗಿಯೋದರೊಳಗೆ ಗುಂಡಿ ಸಮ ಆಯ್ತು. ಟ್ಯಾಕ್ಸು ಬೇಡವೇ ಬೇಡ ಅನ್ನೋ ಪೈಕಿ ನಾನಲ್ಲ. ಸ್ವಲ್ಪ ತಗೊಳ್ಳಲಿ, ತಗೊಂಡಿದ್ದು ಎಲ್ಲಿ ಬಿತ್ತು ಅಂತ ತೋರಿಸಲಿ, ಮಿಕ್ಕಿದ್ದಕ್ಕೆ ನಮ್ಮ ತಂಟೆಗೆ ಬರದೆ ಇರಲಿ. ಇದಕ್ಕಿಂತ ಹೆಚ್ಚಿಗೆ ನಾನು ಕೇಳಿದ್ದೇ ಇಲ್ಲ.

ಒಂದು ಬೆಳಿಗ್ಗೆ ಜೀಪು ತುಂಬ ಜನ, ಕೆಳಗೆ ಇಳೀತಿದ್ದೆ. ಯಸಳೂರು ಇನ್ನೇನು ಬಂತು ಅನ್ನುವಾಗ ಆರ್‌ಟಿಓ ಆಫೀಸಿನ ಒಬ್ಬ ಸಾಹೇಬ ಅಡ್ಡ ನಿಂತ. ಟ್ಯಾಕ್ಸು ನೋಡಿದ, ಸರಿ ಇತ್ತು. ಪರ್ಮಿಟ್ಟು ನೋಡಿದ, ಸರಿ ಇತ್ತು. ಜನವೂ ಮಿತಿಯೊಳಗೇ ಇದ್ದರು. ಆಮೇಲೆ ಒಳಗೆ ಬಗ್ಗಿ ಬಹಳ ಮೆತ್ತಗೆ ಕೇಳಿದ, “ನೀವೆಲ್ಲಿ ಹತ್ತಿದ್ರಿ ಅಜ್ಜಿ?”

“ನಾನಾ? ಹಲಸಿನ ಮರದ ತಾವ ಕಣಪ್ಪ. ಕೈ ಅಡ್ಡ ಹಿಡ್ದೆ, ನಿಲ್ಸುದ. ಯಾರ್ ಕೈ ಹಿಡುದ್ರೂ ನಿಲ್ಲಿಸ್ತಾನೆ, ಒಬ್ರುನ್ನೂ ಬುಟ್ಟೋಗಲ್ಲ. ಬಲು ಒಳ್ಳೆ ಹುಡ್ಗ.”

ಅಜ್ಜಿ ಹೇಳಿದ ಮೇಲೆ ಉಳಿದೋರು ಸುಮ್ಮನಿರ್ತಾರಾ? ನಾನು ಹೊಳೆ ಹತ್ರ, ನಾನು ಸ್ಕೂಲ್ ಹತ್ರ ಅಂತ ಒಬ್ಬರ ಮೇಲೊಬ್ಬರು ನನ್ನ ಗುಣಗಾನ ಶುರು ಮಾಡಿದರು. ನಾನು ಕಣ್ಣು ಮಿಟುಕಿಸಿದ್ದೇ ಮಿಟುಕಿಸಿದ್ದು, ಯಾರಿಗೂ ಕಾಣಲಿಲ್ಲ. ಸಾಹೇಬ ಎಲ್ಲ ಬರ್ಕೊಂಡ. ಬಾಡಿಗೆ ಜೀಪು ಅಂದರೆ ಒಂದೇ ಗುಂಪು ಒಂದೇ ಕಡೆ ಹತ್ತಬೇಕಂತೆ. ದಾರಿಯಲ್ಲಿ ಕೈ ಅಡ್ಡ ಹಿಡಿದೋರನ್ನ ಹತ್ತಿಸೋ ಹಕ್ಕು ಬಸ್ಸಿಗೆ ಮಾತ್ರವಂತೆ.

“ಮೇಲಕ್ಕೆ ಬಸ್ಸೇ ಬರಲ್ಲ ಸಾರ್.”

“ಅದು ನಂಗೆ ಸಂಬಂಧ ಇಲ್ಲ.”

ಅಜ್ಜಿಗೆ ಪಾಪ, ಏನೋ ಎಡವಟ್ಟಾಯ್ತು ಅನ್ನಿಸಿ ಇನ್ನೊಂದು ಒಳ್ಳೆ ಮಾತು ಸೇರಿಸಿದಳು. “ರೋಡಿಗೂ ಇವ್ನೇ ಕಲ್ಲು ಹಾಕ್ಸವ್ನೆ ಸ್ವಾಮಿ, ಬುಟ್ಬುಡಿ.”

“ಸರ್ಕಾರಿ ರಸ್ತೆ ಮುಟ್ಟೋಕೆ ನಿಂಗೆ ಪರ್ಮಿಷನ್ ಕೊಟ್ಟೋರು ಯಾರೋ?” ಅಂದ ಸಾಹೇಬ.

ಜನ ಅಲ್ಲೇ ಇಳಿದು ನಡ್ಕೊಂಡು ಹೋದರು. ನನ್ನ ಜೀಪನ್ನ ನನ್ನ ಕೈಯಲ್ಲೇ ಓಡಿಸಿಕೊಂಡು ಪೇಟೆಗೆ ಹೋಗಿ ಅವರ ಅಂಗಳದಲ್ಲಿ ನಿಲ್ಲಿಸಿಕೊಂಡರು. ಡೀಸೆಲ್ಲೂ ನಂದೇ.

ಇವತ್ತು ಬಾ, ನಾಳೆ ಬಾ, ಸಾಹೇಬ್ರು ಇಲ್ಲ, ಸಾಹೇಬ್ರು ವರ್ಗ ಆದ್ರು. ಹೋದಾಗೆಲ್ಲ ಜೀಪಿನ ಮುಖ ನೋಡ್ಕೊಂಡು ಬರೋದು. ಮೊದಲು ಬ್ಯಾಟರಿ ಹೋಯ್ತು. ಆಮೇಲೆ ಸ್ಟೆಪ್ನಿ. ಮಳೆಗಾಲ ಕಳೆದು ಹೋದರೆ ಸ್ಟೇರಿಂಗಿಗೆ ಬಳ್ಳಿ ಸುತ್ಕೊಂಡಿತ್ತು. ನಾನು, ನನ್ನ ಹೆಂಡ್ತಿ ಎಸ್ಟೇಟಿನಲ್ಲಿ ಗೊಬ್ಬರ ಹೊತ್ತೆವು. ಊರಿನೋರು ಮತ್ತೆ ಮೂಟೆ ಹೊತ್ತರು. ಅಜ್ಜಿ ಮಾತ್ರ ಕಂಡಾಗೆಲ್ಲ ಒಂದೇ ಕೇಳೋಳು, “ಜೀಪು ಯಾವತ್ತು ಬುಡ್ತಾರ್ಲಾ? ನನ್ ಬಾಯಿಂದ ಹೋತಲ್ಲ.” “ಬರ್ತದೆ ಬಿಡಜ್ಜಿ” ಅಂತಿದ್ದೆ.

ಇನ್ನೊಂದು ಮಳೆಗಾಲವೂ ಮುಗಿದ ಮೇಲೆ ದಂಡ ಕಟ್ಟಿ ಬಿಡಿಸ್ಕೋ ಅಂತ ಆರ್ಡರ್ ಆಯ್ತು. ಗೊಬ್ಬರದ ಕೂಲಿಯಲ್ಲಿ ಉಳಿಸಿದ್ದು ಟವೆಲ್ಲಿನಲ್ಲಿ ಕಟ್ಕೊಂಡು ಹೋದೆ. ದಂಡ ಕಟ್ಟಿದೆ. ಗುಮಾಸ್ತ ತಲೆ ಎತ್ತದೆ ಕೇಳಿದ, “ಟ್ಯಾಕ್ಸು?”

“ಯಾವ ಟ್ಯಾಕ್ಸು ಸಾರ್?”

“ಇಷ್ಟು ದಿನದ್ದು.”

“ಗಾಡಿ ನಿಮ್ಮ ಅಂಗಳದಲ್ಲೇ ನಿಂತಿತ್ತಲ್ಲ ಸಾರ್? ಕಿಟಕಿಯಿಂದ ಕಾಣ್ತದೆ ನೋಡಿ.”

“ಓಡಿಸಲ್ಲ ಅಂತ ಮುಂಚೆಯೇ ಬರೆದು ಕೊಡಬೇಕಿತ್ತು. ಕೊಟ್ಟಿಲ್ಲ. ಟ್ಯಾಕ್ಸು ಆಗ್ತದೆ, ತಡ ಮಾಡಿದ್ದಕ್ಕೆ ಅದರ ಮೇಲೆ ದಂಡಾನೂ ಆಗ್ತದೆ.”

ನನಗೆ ನಗು ಬಂತು. ಅಳು ಬರಬೇಕಿತ್ತು, ನಗು ಬಂತು. ಅವನು ಹೇಳಿದ ಮೊತ್ತಕ್ಕೆ ಅಂಥದ್ದೇ ಇನ್ನೊಂದು ಹಳೇ ಜೀಪು ಬರ್ತಿತ್ತು. ರೋಡಿನ ಮೇಲೆ ಓಡಿದಾಗ ರೋಡಿರಲಿಲ್ಲ, ಟ್ಯಾಕ್ಸು ಕಟ್ಟಿದೆ. ಓಡದೆ ಕೊಳೀತಾ ನಿಂತಿದ್ದಕ್ಕೂ ಕಟ್ಟಬೇಕು. “ಇಟ್ಕಳಿ ಸಾರ್, ನೀವೇ ಇಟ್ಕಳಿ” ಅಂದು ಹೊರಗೆ ಬಂದೆ. ಹೊರಗೆ ಬಂದ ಮೇಲೆ ಬಾನೆಟ್ ಮೇಲೆ ಕೈಯಿಟ್ಟೆ. ಕೈಗೆ ತುಕ್ಕು ಹತ್ತಿತು.

ಯಸಳೂರಿನಲ್ಲಿ ಬಸ್ಸಿಳಿದು ನಡೆದೆ. ತಿರುವಿಗೆ ಬರುವಾಗ, ನಮ್ಮ ಹಳೇ ಕಲ್ಲೆಲ್ಲ ಮಳೆಗೆ ಕೊಚ್ಚಿ ಹೋಗಿ ಗುಂಡಿ ಮತ್ತೆ ಬಾಯಿ ತೆರೆದಿರ್ತದೆ ಅಂದ್ಕೊಂಡಿದ್ದೆ. ತೆರೆದಿತ್ತು. ಆದರೆ ಒಂದು ಮೂಲೆಯಲ್ಲಿ ಮಾತ್ರ ನಿಂಬೆಹಣ್ಣಿನಷ್ಟು ಕಲ್ಲುಗಳು, ಒತ್ತೊತ್ತಾಗಿ, ತುಳಿದು ಕೂರಿಸಿದ್ದವು.

ಅಜ್ಜಿ ಮೇಲೆ ಹಲಸಿನ ಮರದ ಬುಡದಲ್ಲಿ ಖಾಲಿ ಬುಟ್ಟಿ ಇಟ್ಕೊಂಡು ಸುಧಾರಿಸ್ಕೊಳ್ತಾ ಕೂತಿದ್ದಳು.

“ನೀನು ನಡ್ಕೊಂಡು ಹೋಗೋಳು, ನಿಂಗ್ಯಾಕಜ್ಜಿ ಆ ಗುಂಡಿ ಉಸಾಬರಿ?” ಅಂತ ರೇಗಿಬಿಟ್ಟೆ.

“ನಿನ್ ಜೀಪು ಬರೋವೊತ್ಗೆ ಗುಂಡಿ ಇರ್ಬಾರ್ದಲ್ಲಪ್ಪ. ವಾರಕ್ಕೊಂದು ಹಾಕ್ತಾ ಇವ್ನಿ. ಬುಟ್ರೇನ್ಲಾ?”

“ಇಲ್ಲಜ್ಜಿ. ಅದಿನ್ನು ಬರಲ್ಲ. ಇನ್ನು ಕಲ್ಲು ಹಾಕಬೇಡ.”

ಅವಳು ಸೆರಗಿನ ತುದಿ ಬಿಚ್ಚಿದಳು. ಅದರೊಳಗೆ ಇನ್ನೊಂದು ಕಲ್ಲು ಇತ್ತು.

“ಅಯ್ಯೋ, ಮುಂದಿನ್ ವಾರುದ್ದೂ ಎತ್ಕೊಬಂದ್ಬುಟ್ನಲ್ಲೋ. ಇದ್ನೇನ್ ಮಾಡ್ಲಿ?”