ನೀರುಗಂಟಿ ದುರುಗಕ್ಕನ ಬಿಳಿ ಬೋರ್ಡು

ದುರುಗಕ್ಕನನ್ನು ನಾನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಸೋಮವಾರ, ಜಗಳೂರು ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಬಾಗಿಲಲ್ಲಿ. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿ ಹದಿನೈದು ದಿನವಾಗಿತ್ತು. ಮೊಣಕಾಲಿನವರೆಗೆ ಒದ್ದೆಯಾದ ಹಸಿರು ಸೀರೆ, ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ. ಅದನ್ನು ಹೊರಗೆ ಗೋಡೆಗೆ ಒರಗಿಸಿ, ಕಾಲಿನ ಕೆಸರನ್ನು ಮೆಟ್ಟಿಲಿಗೆ ತಿಕ್ಕಿ ಒಳಗೆ ಬಂದರು. ಗಂಡ ಚಿತ್ತಪ್ಪ ಊರಿನ ನೀರುಗಂಟಿ. ಅವರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ನಾಲ್ಕು ಓಣಿಗೂ ನೀರು ಬಿಡುವ ಕೆಲಸವನ್ನು ತಾತ್ಕಾಲಿಕವಾಗಿ ಇವರು ಮಾಡುತ್ತಿದ್ದರು.

ಯಾವ ಓಣಿಗೆ ಯಾವಾಗ ನೀರು ಎಂದು ಜನ ದಾರಿಯುದ್ದಕ್ಕೂ ಕೇಳುತ್ತಾರೆ, ಬರೆದುಕೊಡಿ ಎಂದರು. ನಾನು ವೇಳಾಪಟ್ಟಿ ಟೈಪ್ ಮಾಡಿ, ಪಂಚಾಯಿತಿ ಸೀಲು ಹಾಕಿಸಿ, ಎಲ್ಲ ಓಣಿಗಳಲ್ಲೂ ಅಂಟಿಸಲು ಕೊಟ್ಟೆ. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು. ಸೀಲು ಬಿದ್ದ ಕಾಗದದ ಮೇಲೆ ನನಗೆ ಅಷ್ಟು ನಂಬಿಕೆ.

ಆ ಕಾಗದವೇ ಅವರಿಗೆ ಮುಳುವಾಯಿತು. ಮಾರ್ಚ್‌ನಲ್ಲಿ ಪಂಪಿನ ತ್ರೀಫೇಸ್ ಕರೆಂಟಿನ ಹೊತ್ತು ಪದೇ ಪದೇ ಬದಲಾಗತೊಡಗಿತು. ಕಾಗದದಲ್ಲಿ ಮಾತ್ರ ಕೆಳಗಿನ ಓಣಿಗೆ ಬೆಳಿಗ್ಗೆ ಆರು ಗಂಟೆ. ಜನ ಆರಕ್ಕೆ ಕೊಡ ಇಟ್ಟು ಕಾಯುತ್ತಿದ್ದರು. ಅವರು ಕೂಲಿಗೆ ಹೋದ ಮೇಲೆ, ಹತ್ತಕ್ಕೆ ಬಂದ ನೀರು ಚರಂಡಿಗೆ ಹರಿಯುತ್ತಿತ್ತು. ದುರುಗಕ್ಕ ಕಾರಣ ಹೇಳಿದರೆ ಅದೇ ಓಣಿಯ ಕಲ್ಲಮ್ಮ ಗೋಡೆಯತ್ತ ಕೈ ತೋರಿಸುತ್ತಿದ್ದರು. "ಸೀಲು ಹೊಡೆದಿದ್ದು ಸುಳ್ಳು, ನೀನ್ ಹೇಳಾದು ನಿಜಾನಾ?"

ಮೇಲಿನ ಓಣಿಗೆ ನೀರು ತಿರುಗಿಸುತ್ತಾಳೆ ಎಂದು ಪಂಚಾಯಿತಿಗೆ ಅರ್ಜಿ ಬಂತು. ಮೊದಲ ಸಹಿ ಕೆಳಗಿನ ಓಣಿಯ ಹಿರಿಯ ಮುರುಗೇಶಪ್ಪನವರದು. ಮುಂದಿನ ತಿಂಗಳ ಸಭೆಯಲ್ಲಿ ದುರುಗಕ್ಕನನ್ನು ಕೆಲಸದಿಂದ ಬಿಡಿಸುತ್ತಾರೆ ಎಂಬ ಮಾತು ಹಬ್ಬಿತು. ಆ ಮನೆಗೆ ಆಗ ಬೇರೆ ದುಡಿಮೆ ಇರಲಿಲ್ಲ.

ಹೊಸ ಪಟ್ಟಿ ಮಾಡಿಕೊಡುತ್ತೇನೆ ಎಂದೆ. ದುರುಗಕ್ಕ ಒಪ್ಪಲಿಲ್ಲ. "ಬ್ಯಾಡ್ರಿ ಮೇಡಂ. ಹಳೇದನ್ನ ಎಲ್ರೂ ಫೋಟೋ ಹೊಡ್ಕೊಂಡವ್ರೆ. ದಿನಾ ಅಳಿಸಿ ದಿನಾ ಬರೆಯಾಕೆ ಬರೋದು ಏನಾರ ಐತಾ?"

ಯಾವುದೋ ತರಬೇತಿಗೆ ತಂದ ಬಿಳಿ ಬೋರ್ಡು ಬೀರುವಿನ ಹಿಂದೆ ಧೂಳು ತಿನ್ನುತ್ತಿತ್ತು. ಅಧ್ಯಕ್ಷರನ್ನು ಕೇಳಿ ಅದನ್ನು ಹಿಟ್ಟಿನ ಗಿರಣಿಯ ಗೋಡೆಗೆ ಹಾಕಿಸಿದೆವು. ನಾಲ್ಕನೇ ಕ್ಲಾಸು ಓದಿದ ದುರುಗಕ್ಕ ಪ್ರತಿ ಸಂಜೆ ಲೈನ್‌ಮ್ಯಾನ್‌ಗೆ ಫೋನು ಮಾಡಿ, ಸೆರಗಿನಿಂದ ಬೋರ್ಡು ಒರೆಸಿ, ನಾಳೆಯ ಹೊತ್ತನ್ನು ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. ಕೂಲಿಯಿಂದ ಬರುವವರು ನಿಲ್ಲದೆಯೇ ಓದಿಕೊಂಡು ಹೋಗುತ್ತಿದ್ದರು. ಕೆಳಗೆ ಇನ್ನೊಂದು ಸಾಲು ಅವರದೇ ಯೋಚನೆ: ಇವತ್ತು ಹೇಳಿದ ಹೊತ್ತು, ಬಿಟ್ಟ ಹೊತ್ತು. ಒಂದು ದಿನ ಕೆಳಗಿನ ಓಣಿಗೆ ನೀರು ಅರ್ಧ ಗಂಟೆ ತಡವಾಯಿತು. ತಪ್ಪನ್ನು ಕರೆಂಟಿನ ಮೇಲೆ ಹಾಕಬಹುದಿತ್ತು. "ನಾನು ಮರೆತೆ" ಎಂದು ಬರೆದರು.

ಮುಂದಿನ ತಿಂಗಳು ಸಭೆಯಲ್ಲಿ ಅರ್ಜಿ ಓದಿದಾಗ ಮುರುಗೇಶಪ್ಪ ಎದ್ದು ನಿಂತರು.

"ಸಹಿ ನಂದೇ. ವಾಪಸ್ ತಗೋತೀನಿ. ತನ್ನ ತಪ್ಪನ್ನ ತಾನೇ ಗೋಡೆ ಮ್ಯಾಲೆ ಬರೆಯೋ ನೀರುಗಂಟಿನ ಎಲ್ಲಿಂದ ತರ್ತೀರಿ?"

ಕಲ್ಲಮ್ಮ ಹಿಂದಿನಿಂದ ಹೇಳಿದರು: "ನಮ್ಮನೆಯೋರು ದಿನಾ ಎಷ್ಟೊತ್ತಿಗೆ ಬರ್ತಾರೆ ಅಂತಾನೂ ಬರಿ ದುರುಗಕ್ಕ."

ಸಭೆ ನಕ್ಕಿತು, ಅರ್ಜಿ ಬಿದ್ದುಹೋಯಿತು. ನನ್ನ ಸೀಲನ್ನು ಮೀರಿದ ನಂಬಿಕೆಯನ್ನು ಅವರ ಸೊಟ್ಟ ಅಕ್ಷರ ಗಳಿಸಿದ್ದನ್ನು ನಾನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಕಾಲು ಸರಿಹೋದ ಮೇಲೆ ಚಿತ್ತಪ್ಪ ನೀರಿನ ಕೆಲಸವನ್ನು ಹೆಂಡತಿಗೇ ಬಿಟ್ಟು ಕುರಿ ಸಾಕತೊಡಗಿದರು. ದುರುಗಕ್ಕ ಈಗ ಊರಿನ ನೀರುಗಂಟಿ.