ಫರಸಿಯ ಮೇಲೆ ಮಲಗಿದ್ದ ಅಕ್ಕ

ಚಿನ್ನಿ, ಮುನ್ನಾ, ಶಹಾಬಾದದ ದೊಡ್ಡಾಯಿ ಹೋದ ಬೇಸಿಗೆಯಿಂದ ನಮ್ಮ ಮನೆಗೆ ಯಾಕೆ ಬರುತ್ತಿಲ್ಲ ಎಂದು ನೀವು ಕೇಳುತ್ತಲೇ ಇದ್ದೀರಿ. ನಿಮ್ಮಪ್ಪ ನನ್ನ ಮಗನೇ ಆದರೂ ಅವನ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ, ಅವುಗಳಲ್ಲಿಯೇ ಬರೆಯುತ್ತೇನೆ.

ಅವಳು ನನ್ನ ಒಡಹುಟ್ಟಿದ ಅಕ್ಕ. ಮಕ್ಕಳಿಲ್ಲ. ಗಂಡ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೂ ಅವಳು ಆ ಒಂದು ಕೋಣೆಯ ಮನೆ ಬಿಡಲಿಲ್ಲ. ಕೌದಿ ಹೊಲಿಯುತ್ತಾಳೆ, ಓಣಿಯ ಹೆಂಗಸರೂ ಸೂಜಿ ಹಿಡಿದುಕೊಂಡು ಬಂದು ಕೂರುತ್ತಿದ್ದರು. ಚಿತ್ತಾಪುರಕ್ಕೆ, ನಮ್ಮ ಮನೆಗೆ ಬಂದು ಇರು ಎಂದರೆ ನಗುತ್ತಿದ್ದಳು.

ಚಳಿಗಾಲದಲ್ಲಿ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಳು. ಎರಡು ತಾಸು ಯಾರಿಗೂ ಗೊತ್ತಾಗಲಿಲ್ಲ. ನಿಮ್ಮಪ್ಪ ಹೆದರಿದ. ಆ ಹೆದರಿಕೆ ಸುಳ್ಳಲ್ಲ, ನನಗೂ ಇತ್ತು. ಅವನು ಒಂದು ಕ್ಯಾಮೆರಾ ತಂದು ಅವಳ ಕೋಣೆಯ ಗೋಡೆಗೆ ಹೊಡೆದ. ಮನುಷ್ಯ ನೆಲಕ್ಕೆ ಬಿದ್ದರೆ ಅದು ಅವನ ಫೋನಿಗೂ ನನ್ನ ಫೋನಿಗೂ ಗಂಟೆ ಬಾರಿಸುತ್ತದೆ.

“ಇದೇನಪಾ, ಗೋಡಿಗಿ ಗುಬ್ಬಿಗೂಡು ಕಟ್ಟಾಕತ್ತಿ?” ಎಂದಳು ಅಕ್ಕ.

“ನಿನ್ನ ಸಲುವಾಗೇ ದೊಡ್ಡವ್ವಾ.”

“ನನ್ನ ಸಲುವಾಗಿದ್ರ ನನ್ನ ಕೇಳಬೇಕಿತ್ತಲ್ಲೋ.”

ಅವನು ನಕ್ಕುಬಿಟ್ಟ. ನಾನು ನೆಲ ನೋಡುತ್ತ ನಿಂತಿದ್ದೆ. ಅಕ್ಕ ಬಿದ್ದದ್ದು ಬಚ್ಚಲಲ್ಲಿ, ಕ್ಯಾಮೆರಾ ಹಾಕಿದ್ದು ಅವಳು ಮಲಗುವ ಕೋಣೆಯಲ್ಲಿ! ಇದು ನನಗೆ ಅಂದೇ ಹೊಳೆದಿತ್ತು. ಹೇಳಲಿಲ್ಲ. ಊರಿಗೆ ಮರಳಿದ ಮೇಲೆ ಅವನು, “ಯವ್ವಾ, ನೀ ಮನ್ಯಾಗೇ ಇರ್ತಿ, ಆಗಾಗ ನೋಡ್ಕೋತ ಇರು” ಎಂದ. ಒಡಹುಟ್ಟಿದವಳನ್ನು ಕದ್ದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಹತ್ತು ದಿನಗಳಲ್ಲಿ ಓಣಿಯ ಹೆಂಗಸರು ಬರುವುದನ್ನು ಬಿಟ್ಟರು. ತಮ್ಮ ಮನೆಯ ಮಾತು ಚಿತ್ತಾಪುರಕ್ಕೆ ಕೇಳುತ್ತದೆ ಎಂದರೆ ಯಾರು ಬರುತ್ತಾರೆ?

ನಮ್ಮ ಬಿಸಿಲು ನಿಮಗೆ ಗೊತ್ತು. ಮಧ್ಯಾಹ್ನ ಫರಸಿ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲ ಚಿಲಕ ಹಾಕಿ, ಕುಪ್ಪಸದ ಗುಂಡಿ ಸಡಿಲಿಸಿ, ಹಾಸಿಗೆಯಿಲ್ಲದೆ ಬರೀ ಕಲ್ಲಿನ ಮೇಲೆ ಕೈಕಾಲು ಚಾಚಿ ಮಲಗುತ್ತೇವೆ. ಮೇ ತಿಂಗಳಲ್ಲಿ ಅಕ್ಕ ಹಾಗೆ ಮಲಗಿದಾಗ ನನ್ನ ಫೋನು ಗಂಟೆ ಬಾರಿಸಿತು. ನೋಡಿದೆ. ಅವಳು ಒಂದು ಪಾದದಿಂದ ಇನ್ನೊಂದು ಪಾದ ಕೆರೆದುಕೊಳ್ಳುತ್ತಿದ್ದಳು. ಬಿದ್ದಿಲ್ಲ ಎಂದು ಆ ಗಳಿಗೆಯಲ್ಲೇ ತಿಳಿಯಿತು. ಅವಳನ್ನು ಆ ಸ್ಥಿತಿಯಲ್ಲಿ ನೋಡಲು ನಾಚಿಕೆಯಾಗಿ ಫೋನು ಬೋರಲು ಹಾಕಿಬಿಟ್ಟೆ.

ನಿಮ್ಮಪ್ಪನಿಗೆ ಒಂದು ಮಾತು ಹೇಳಬೇಕಿತ್ತು. ಅವನು ಕಚೇರಿಯಲ್ಲಿ ನಾಲ್ಕು ಮಂದಿಯ ನಡುವೆ ಇರುತ್ತಾನೆ, ಅಲ್ಲಿಗೆ ಫೋನು ಮಾಡಲು ನನಗೆ ಎಂದೂ ಧೈರ್ಯವಿಲ್ಲ. ಸಣ್ಣವನಿದ್ದಾಗ ಅಕ್ಕನ ಮನೆಯ ಅದೇ ಕಲ್ಲಿನ ಮೇಲೆ ಮಲಗಿ ಬೆಳೆದವನಿಗೆ ತಿಳಿಯದೇ ಇರುತ್ತದೆಯೇ ಎಂದು ಸುಮ್ಮನಾದೆ. ತಿಳಿಯಲಿಲ್ಲ! ಅಕ್ಕನಿಗೆ ಫೋನು ಮಾಡಿದ, ಅವಳಿಗೆ ನಿದ್ದೆ ಹತ್ತಿತ್ತು. ಕೂಡಲೇ ಅವಳ ಮನೆ ಪಕ್ಕದ ಕಲ್ಲು ಕೊರೆಯುವ ಕಾರ್ಖಾನೆಯವರಿಗೆ ಹೇಳಿದ. ನಾಲ್ವರು ಗಂಡಸರು ಬಾಗಿಲು ಒದ್ದು ಒಳಗೆ ಬಂದರು. ಎಪ್ಪತ್ತು ದಾಟಿದ ನನ್ನ ಅಕ್ಕ ಅರ್ಧ ಹೊಲಿದ ಕೌದಿ ಎಳೆದುಕೊಂಡು ಮೂಲೆಗೆ ಸರಿದಳಂತೆ. ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಮರುದಿನ ವಾಡಿಯಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಹೋದೆವು. ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು.

“ದೊಡ್ಡವ್ವಾ, ನೀ ಬಿದ್ದೀಯಂತ ಮಿಷಿನ್ ತೋರಿಸ್ತು,” ಎಂದ ನಿಮ್ಮಪ್ಪ.

“ಮಿಷಿನ್ ಎಲ್ಲಿಂದೋ ಬಂದದ, ಅದಕ್ಕ ಗೊತ್ತಿಲ್ಲ. ನೀ ಎಲ್ಲಿಯವನಲೇ? ಇದೇ ಫರಸಿ ಮ್ಯಾಲ ಉಚ್ಚಿ ಹೊಯ್ಕೊಂಡು ಮಲಗಿದವ ನೀ!”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಕ್ಕ ನಗಲಿಲ್ಲ, ನನ್ನ ಕಡೆ ತಿರುಗಿದಳು. “ನೀನೂ ನೋಡಿದೇನ?”

“ನೋಡಿದೆ ಅಕ್ಕ.”

“ಮಲಗೀನಂತ ತಿಳೀತು?”

“ತಿಳೀತು.”

“ಮತ್ತ ಬಾಯಾಗ ಏನ್ ಇಟ್ಕೊಂಡು ಕುಂತಿದ್ದಿ?”

ನಾನು ಗೋಡೆಯ ಕ್ಯಾಮೆರಾ ತೋರಿಸಿದೆ. ಮಗನಿಗೆ, “ತೆಗಿ ಅದನ್ನ,” ಎಂದೆ.

“ನಾಳಿ ಬಿದ್ರ ಯಾರ್ ನೋಡ್ತಾರವ್ವಾ?”

“ಆಕಿ ಬಿದ್ದಿದ್ದು ಬಚ್ಚಲದಾಗ. ಅಲ್ಲಿ ನಿನ್ನ ಮಿಷಿನ್ ಇಲ್ಲ, ಇಡೋದೂ ಬ್ಯಾಡ. ತೆಗಿ ಅಂದ್ರ ತೆಗಿ!”

ಮಗನ ಎದುರು ನಾನು ದನಿ ಏರಿಸಿದ್ದು ಅದೇ ಮೊದಲು. ಅವನು ಮೊಳೆ ಕಿತ್ತ.

ತಿಂಗಳಾದ ಮೇಲೆ ಅವನೇ ಕೊರಳಿಗೆ ಹಾಕಿಕೊಳ್ಳುವ, ಒತ್ತಿದರೆ ನಮ್ಮ ಫೋನುಗಳಿಗೆ ಗಂಟೆ ಬಾರಿಸುವ ಒಂದು ಗುಂಡಿ ತಂದ. ಈ ಸಲ ಗೋಡೆಗೆ ಹೊಡೆಯಲಿಲ್ಲ, ಅಕ್ಕನ ಅಂಗೈಯಲ್ಲಿಟ್ಟು ಬೇಕೋ ಬೇಡವೋ ಎಂದು ಕೇಳಿದ. “ನಾ ಒತ್ತಿದ್ರಷ್ಟೇ ನಿಮಗ ಗೊತ್ತಾಗ್ತದ? ಖರೇನಾ?” ಎಂದು ಎರಡು ಸಲ ಕೇಳಿ ಹಾಕಿಕೊಂಡಳು. ಬಚ್ಚಲಿಗೂ ಹಾಕಿಕೊಂಡೇ ಹೋಗುತ್ತಾಳೆ. ಹೆಂಗಸರು ಮತ್ತೆ ಹೊಲಿಯಲು ಬರುತ್ತಾರೆ. ನಿಮ್ಮಪ್ಪನನ್ನು ಅವಳು ಕ್ಷಮಿಸಿದ್ದಾಳೆ. ನನ್ನನ್ನಲ್ಲ. ದಿನಾ ಬೆಳಿಗ್ಗೆ ನಾನು ಫೋನು ಮಾಡುತ್ತೇನೆ. “ಇದ್ದೀನಿ” ಎಂದು ಇಟ್ಟುಬಿಡುತ್ತಾಳೆ.

ಅವಳ ಸಿಟ್ಟು ನ್ಯಾಯವಾದದ್ದು. ತಿಳಿಯದವನು ತಪ್ಪು ಮಾಡಿದ, ನಾನು ತಿಳಿದೂ ಬಾಯಿ ಮುಚ್ಚಿಕೊಂಡೆ. ಮಕ್ಕಳೇ, ನಿಮ್ಮ ಸರ್ಟಿಫಿಕೇಟುಗಳ ಫೈಲಿನಲ್ಲಿ ಈ ಹಾಳೆಗಳನ್ನೂ ಜೋಪಾನವಾಗಿ ಇಡಿ. ನಾಳೆ ನನ್ನ ಸಲುವಾಗಿ ಯಾರಾದರೂ ಏನಾದರೂ ತಂದರೆ ಇದನ್ನು ಗಟ್ಟಿಯಾಗಿ ಓದಿರಿ. ಆಗಲೂ ನಾನು ನಾಚಿಕೊಂಡು ಸುಮ್ಮನಿದ್ದರೆ, ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.