ಹಿನ್ನೀರಿಗೆ ಹೊರಡುವ ಮುಂಚಿನ ದಿನಗಳು

ಅವ್ವನ ಎದೆಯಲ್ಲಿ ಗಂಟಾಗಿದೆ ಎಂದು ನನಗೆ ಗೊತ್ತಾಗಿದ್ದು ಫೆಬ್ರವರಿ ಕೊನೆಯಲ್ಲಿ. ಅಷ್ಟೊತ್ತಿಗೆ ಅವಳಿಗೆ ಗೊತ್ತಾಗಿ ಮೂರು ತಿಂಗಳಾಗಿತ್ತಂತೆ. ಅಡಿಕೆ ಸುಲಿಯುವ ಕೆಲಸ ಮುಗಿಯಲಿ ಎಂದು ಬಾಯಿ ಬಿಟ್ಟಿರಲಿಲ್ಲ. ನಾನು ಹಟ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಎರಡು ವಾರ ಬಿಟ್ಟು ಸೋಮವಾರ ಬನ್ನಿ, ವರದಿ ಬೇಗ ಬಂದರೆ ಫೋನ್ ಮಾಡುತ್ತೇವೆ ಎಂದರು. ಕಮ್ಮರಡಿಯ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ನಾನು ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದೆ. ಆ ಬೂತಿನ ನಂಬರನ್ನೇ ಬರೆಸಿ ಬಂದೆ.

ಮರುದಿನದಿಂದ ನನಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಫೋನ್ ಸದ್ದಾದರೆ ಎದ್ದು ನಿಂತುಬಿಡುತ್ತಿದ್ದೆ. ಎರಡು ವಾರ ಎಂದು ತಿಳಿದಿದ್ದರೂ ಈಗಲೇ ಬಂದುಬಿಟ್ಟರೆ ಎಂಬ ಹೆದರಿಕೆ. ಒಬ್ಬ ಹೆಂಗಸು ಮುಂಬಯಿಯ ತಂಗಿಯ ಜೊತೆ ಉಪ್ಪಿನಕಾಯಿ ಹಾಕುವ ಬಗ್ಗೆ ಮಾತಾಡುತ್ತಾ ಇಪ್ಪತ್ತು ನಿಮಿಷ ಲೈನ್ ಹಿಡಿದಾಗ, "ಸಾಕು ಬಿಡಿ, ಬೇರೆ ಫೋನ್ ಬರೋದಿದೆ" ಎಂದು ಕೂಗಿಬಿಟ್ಟೆ. ಅವಳು ಹೆದರಿ ರಿಸೀವರ್ ಇಟ್ಟಳು. ಬೂತಿನ ಯಜಮಾನರು ಏನೂ ಬೈಯಲಿಲ್ಲ. ನನ್ನನ್ನು ಜೆರಾಕ್ಸ್ ಮೆಷಿನ್ನಿನ ಕಡೆ ಕಳಿಸಿ, ಆವತ್ತಿಡೀ ಫೋನಿನ ಹತ್ತಿರ ತಾವೇ ಕೂತರು.

ಅಪ್ಪಯ್ಯನದು ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸ. ಆ ಹೊತ್ತಿಗೆ ಕೊಯ್ಲು ಮುಗಿದಿತ್ತು. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಮೂರನೆಯ ದಿನ ಸಂಜೆ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಹೇಳಿದ:

"ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಎಲ್ಲಾರೂ ಹಿನ್ನೀರಿಗೆ ಹೋಗಣ. ಮೀನು ಹಿಡಿಯಕ್ಕೆ."

ಹಿನ್ನೀರು ಎಂದರೆ ಉತ್ತರಕ್ಕೆ, ನರಸಿಂಹರಾಜಪುರದ ಆಚೆ ಹರಡಿಕೊಂಡ ಭದ್ರಾ ಅಣೆಕಟ್ಟಿನ ನೀರು. ಅಲ್ಲಿ ದಡದಲ್ಲೇ ಅವ್ವನ ತಮ್ಮ ಈಚೆಗೆ ಮನೆ ಮಾಡಿಕೊಂಡಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಆನೆಗಳು ಮಲಗಿದ ಹಾಗೆ ಬಂಡೆಗಳು ಏಳುತ್ತವೆ, ಆಚೆ ದಡ ಕಣ್ಣಿಗೆ ಕಾಣುವುದಿಲ್ಲ ಎಂದು ಮಾವ ಹೇಳುತ್ತಲೇ ಇದ್ದ. ನಾವ್ಯಾರೂ ನೋಡಿರಲಿಲ್ಲ.

ಅವ್ವ ತುತ್ತು ಅಲ್ಲೇ ಬಿಟ್ಟಳು. "ನಿಮಗೆಂತ ತಲೆ ಸರಿ ಇದ್ಯ? ನಂಗೆ ಹಿಂಗಾಗಿದೆ ಅಂತ ಮೀನಿಗೆ ಹೋಗದಾ? ನೋಡಿದವ್ರು ಎಂತ ಅಂತಾರೆ?"

"ನೋಡಿದವ್ರಿಗೂ ಸಾರು ಕೊಟ್ರಾಯ್ತು" ಎಂದ ಅಪ್ಪಯ್ಯ.

ಅಷ್ಟಕ್ಕೇ ಆ ಮಾತು ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಬೆಳಿಗ್ಗೆ ಅಪ್ಪಯ್ಯ ಹಳ್ಳದ ಕಡೆಯಿಂದ ಸಣ್ಣ ಬಿದಿರಿನಂಥ ನಾಲ್ಕು ವಾಟೆಕೋಲು ಕಡಿದು ತಂದು ಬಿಸಿಲಿಗೆ ಹಾಕಿದ. ಆಮೇಲೆ ಗಾಳ ತರಲು ಹರಿಹರಪುರಕ್ಕೆ ಹೋದ. ಅಲ್ಲಿ ಸಿಕ್ಕಿದ್ದು ಸಣ್ಣದಾಯಿತು ಎಂದು ಮಾರನೇ ದಿನ ಶೃಂಗೇರಿ ಪೇಟೆಗೆ ಹೋದ. ಅದೂ ಆಗಲಿಲ್ಲ ಎಂದು ಕೊಪ್ಪಕ್ಕೆ ಬಂದ. ಕೊಪ್ಪಕ್ಕೆ ಬಂದಾಗಲೆಲ್ಲ ಬೂತಿನ ಬಾಗಿಲಲ್ಲಿ ನಿಂತು, "ಸರಿಯಾದ ದಾರ ಸಿಗ್ಲಿಲ್ಲ ಮಗಾ, ಬಂಡೆಗೆ ತಾಗಿದ್ರೆ ತುಂಡಾಗ್ತದೆ" ಎನ್ನುತ್ತಿದ್ದ. ಕಣ್ಣು ಮಾತ್ರ ಮೇಜಿನ ಮೇಲಿನ ಫೋನಿನ ಮೇಲೆ. ಬಂದಿಲ್ಲ ಎಂದು ನಾನು ತಲೆಯಾಡಿಸಿದರೆ, "ಸರಿ, ಇನ್ನೊಂದಂಗಡಿ ನೋಡ್ತೀನಿ" ಎಂದು ಹೊರಡುತ್ತಿದ್ದ. ಐದನೆಯ ಸಲ ಬಂದಾಗ ನನಗೆ ಸಿಟ್ಟು ಬಂತು. "ಗಾಳ ಗಾಳ ಅಂತ ಎಷ್ಟು ಸಲ ಬರ್ತಿ ಅಪ್ಪಯ್ಯ? ಬಂದ್ರೆ ನಾನೇ ಬಂದು ಹೇಳಲ್ವಾ?" ಎಂದೆ. ಅವನು ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಬಿಸಿಬಿಸಿ ಗೋಳಿಬಜೆ. ನನ್ನ ಮುಂದಿಟ್ಟು ಬಸ್ಸಿಗೆ ಹೋದ.

ಅವ್ವ ಒಂದು ವಾರ ತಡೆದುಕೊಂಡಳು. ಒಂದು ದಿನ ಅಪ್ಪಯ್ಯ ದಾರಕ್ಕೆ ಗಾಳ ಕಟ್ಟುತ್ತಿದ್ದಾಗ ಹಿಂದೆ ನಿಂತು ನೋಡಿ, ಕೈಯಿಂದ ಕಸಿದುಕೊಂಡಳು. "ಈ ಗಂಟಿಗೆ ಸೀಗಡೀನೂ ನಿಲ್ಲಲ್ಲ" ಎಂದು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ನಿಜಕ್ಕೂ ನಮ್ಮ ಮನೆಯಲ್ಲಿ ಮೀನು ಹಿಡಿಯಲು ಬರುತ್ತಿದ್ದುದು ಅವಳೊಬ್ಬಳಿಗೇ. ಅಪ್ಪಯ್ಯನಿಗೆ ಮರ ಗೊತ್ತಿತ್ತು, ನೀರು ಗೊತ್ತಿರಲಿಲ್ಲ. ಆಮೇಲೆ ಅವಳದೇ ಆಡಳಿತ. ಎರೆಹುಳು ಬಚ್ಚಲ ಹಿಂದಿನ ಮಣ್ಣಿನವೇ ಆಗಬೇಕು, ಮೆಣಸಿನಪುಡಿ ಮನೆಯಿಂದಲೇ ಒಯ್ಯಬೇಕು, ಬೆಳಕು ಹರಿಯುವ ಮೊದಲೇ ಹೊರಡಬೇಕು. ಹೇಳುತ್ತಾ ಹೇಳುತ್ತಾ ಕೆಲವೊಮ್ಮೆ ನಡುವೆ ನಿಲ್ಲಿಸಿ, ಸೆರಗಿನ ಮೇಲಿಂದ ಎಡಗಡೆಗೆ ಕೈ ಒತ್ತಿ, ಮತ್ತೆ ಮುಂದುವರಿಸುತ್ತಿದ್ದಳು.

ನನ್ನ ತಮ್ಮ ಬಸರೀಕಟ್ಟೆಯ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ಭಾನುವಾರ ಜೀಪ್ ಕೇಳಿ ತರುತ್ತೇನೆ ಎಂದಿದ್ದ. ಶುಕ್ರವಾರ ಬಂದು, ಕ್ಲಚ್ ಹೋಗಿದೆ, ಜೀಪ್ ಸಿಗುವುದಿಲ್ಲ ಎಂದ. ಅಪ್ಪಯ್ಯನ ಮುಖ ಸಪ್ಪಗಾಯಿತು. "ಹಂಗಾದ್ರೆ ನಡ್ಕಂಡಾದ್ರೂ ಹೋಗಣ" ಎಂದ, ನರಸಿಂಹರಾಜಪುರ ಪಕ್ಕದ ಕೇರಿಯೆಂಬಂತೆ.

ಶನಿವಾರ ಮಧ್ಯಾಹ್ನ ಫೋನ್ ಬಂತು. ಆಸ್ಪತ್ರೆಯ ಹುಡುಗಿ ಅವ್ವನ ಹೆಸರು ಕೇಳಿ, "ರಿಪೋರ್ಟ್ ಬಂದಿದೆ. ಸೋಮವಾರ ಮನೆಯವ್ರನ್ನೂ ಕರ್ಕೊಂಡು ಬನ್ನಿ" ಎಂದಳು.

"ಎಂತ ಬಂದಿದೆ ಹೇಳಿ" ಎಂದೆ.

"ಅದನ್ನ ಡಾಕ್ಟರೇ ಹೇಳ್ತಾರೆ. ಮನೆಯವ್ರು ಬರಲೇಬೇಕು."

ಚೆನ್ನಾಗಿದ್ದರೆ ಮನೆಯವರನ್ನು ಯಾಕೆ ಕರೆಯುತ್ತಾರೆ? ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಗದ್ದೆಯ ಬದುವಿನ ಮೇಲೆ ಎರಡು ಸಲ ಆಚೀಚೆ ನಡೆದೆ. ಹೇಳಿದರೆ ನಾಳೆ ಯಾರೂ ಹೊರಡುವುದಿಲ್ಲ. ಹೇಳದಿದ್ದರೆ ನಾನು ಹೇಗೆ ಹೊರಡಲಿ? ಮನೆಯಲ್ಲಿ ಅವ್ವ ಒಣಮೆಣಸು ಹುರಿಯುತ್ತಿದ್ದಳು. ಅಪ್ಪಯ್ಯ ಬಾಗಿಲಲ್ಲೇ ಕೇಳಿದ, "ಬಂತಾ?"

"ಇಲ್ಲ" ಎಂದುಬಿಟ್ಟೆ.

ಬೆಳಿಗ್ಗೆ ಮೊದಲ ಬಸ್ಸಿಗೆ ನಾಲ್ವರೂ ಹತ್ತಿದೆವು. ಕೋಲುಗಳನ್ನು ಟಾಪಿಗೆ ಹಾಕಿಸಿ, ಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಇಳಿಸಿ, ಮತ್ತೆ ಹತ್ತಿಸಿ, ಅಪ್ಪಯ್ಯ ಒಂದು ಕಡೆ ನಿಲ್ಲಲಿಲ್ಲ. ಹಿನ್ನೀರು ಕಂಡಾಗ ಮಾತ್ರ ಎಲ್ಲರೂ ನಿಂತು ನೋಡಿದೆವು. ಮಾವ ಹೇಳಿದ್ದು ಸುಳ್ಳಲ್ಲ. ಎಲ್ಲಿ ನೋಡಿದರೂ ನೀರು, ನಡುವೆ ಕಪ್ಪು ಬಂಡೆಗಳು, ಸತ್ತ ಮರಗಳ ಬೊಡ್ಡೆಗಳು.

ಮಾವ ಒಂದು ಚಪ್ಪಟೆ ಬಂಡೆ ತೋರಿಸಿ ಒಲೆ ಹೂಡಲು ಹೋದ. ಅವ್ವ ಅಲ್ಲೇ ಕೂತಳು, ಗಾಳ ಬಿಟ್ಟಳು, ಮತ್ತೆ ಅಲುಗಲಿಲ್ಲ. ಅಪ್ಪಯ್ಯ ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರುತ್ತಾ, ಅಲ್ಲಿ ಬಿಟ್ಟು, ಇಲ್ಲಿ ಎಳೆದು, ದೂರ ದೂರ ಹೋಗುತ್ತಿದ್ದ. ತಮ್ಮ ಅವನ ಹಿಂದೆ. ಅವ್ವನಿಗೆ ಒಂದು ಗಂಟೆಯೊಳಗೆ ನಾಲ್ಕು ಜಿಲೇಬಿ ಮೀನು ಬಿದ್ದವು. ನಾನು ಪಕ್ಕದಲ್ಲಿ ಕೂತು, ಎದ್ದು, ಮತ್ತೆ ಕೂತೆ.

ನೀರಿನ ಮೇಲಿಂದ ಕಣ್ಣು ತೆಗೆಯದೆ ಅವ್ವ ಕೇಳಿದಳು, "ನಿನ್ನೆ ಬಂತಲ್ದಾ ಫೋನು?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಹೂಂ. ನಾಳೆ ಅಪ್ಪಯ್ಯನ್ನೂ ಕರ್ಕಂಡು ಬರಕ್ಕೆ ಹೇಳಿದಾರೆ."

ಗಾಳದ ಬೆಂಡು ಅಲುಗಿತು. ಅವಳು ಎಳೆಯಲಿಲ್ಲ. ಆಮೇಲೆ, "ಅವ್ರಿಗೆ ಈಗ್ಲೇ ಹೇಳ್ಬೇಡ. ಒಂದಾದ್ರೂ ಮೀನು ಬೀಳ್ಲಿ" ಎಂದಳು.

ಊಟಕ್ಕೆ ಕರೆಯುವ ಹೊತ್ತಿಗೆ ಅಪ್ಪಯ್ಯನ ಕೋಲು ಬಿಲ್ಲಿನ ಹಾಗೆ ಬಾಗಿತು. ದೊಡ್ಡ ಕಾಟ್ಲ ಮೀನೇ ಇರಬೇಕು. ತಮ್ಮ ಕೂಗಿದ, ಮಾವ ಓಡಿದ. ಅಪ್ಪಯ್ಯ ಎಳೆದ, ಮೀನು ಬಂಡೆಯ ಸಂದಿಗೆ ನುಗ್ಗಿತು, ದಾರ ಪಟ್ಟನೆ ತುಂಡಾಯಿತು. ಅವನು ಕೋಲು ಹಿಡಿದುಕೊಂಡೇ ಬಂಡೆಯ ಮೇಲೆ ಕುಸಿದು ಕೂತು ಅಳತೊಡಗಿದ. ಒಮ್ಮೆ ಅಡಿಕೆ ಮರದಿಂದ ಜಾರಿ ಬಿದ್ದು ಕಾಲು ಮುರಿದಾಗಲೂ ಅತ್ತಿರಲಿಲ್ಲ. "ಹೋಗ್ಲಿ ಭಾವ, ಇನ್ನೊಂದು ಬೀಳ್ತದೆ" ಎಂದು ಮಾವ ಸಮಾಧಾನ ಹೇಳುತ್ತಿದ್ದ. ಪಾಪ, ಅವ್ವನ ಗಂಟಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ಅವ್ವ ಎದ್ದಳು. ಬಂಡೆಗಳ ಮೇಲೆ ಕೈ ಊರಿಕೊಂಡು ನಿಧಾನವಾಗಿ ಅಲ್ಲಿಗೆ ಹೋದಳು. ಮಾವನನ್ನೂ ತಮ್ಮನನ್ನೂ ಒಲೆಯ ಕಡೆ ಕಳಿಸಿ ಅಪ್ಪಯ್ಯನ ಪಕ್ಕ ಕೂತಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅಪ್ಪಯ್ಯ ಒಮ್ಮೆ ತಿರುಗಿ ನನ್ನತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತುಂಬ ಹೊತ್ತು ಇಬ್ಬರೂ ನೀರಿಗೆ ಮುಖ ಮಾಡಿ ಕೂತಿದ್ದರು. ಆ ಎರಡು ವಾರದಲ್ಲಿ ಅಪ್ಪಯ್ಯ ಒಂದೇ ಕಡೆ ಅಷ್ಟು ಹೊತ್ತು ಕೂತಿದ್ದು ಅದೊಂದೇ ಸಲ. ಸಾರು ಆರಿದ ಮೇಲೆ ಬಂದು ಊಟ ಮಾಡಿದರು. ಅಪ್ಪಯ್ಯ ಎರಡು ಸಲ ಸಾರು ಹಾಕಿಸಿಕೊಂಡ.

ಸೋಮವಾರ ನಾಲ್ವರೂ ಶಿವಮೊಗ್ಗಕ್ಕೆ ಹೋದೆವು. ವರದಿ ಕೆಟ್ಟದ್ದೇ ಆಗಿತ್ತು. ಆದರೆ ಶುರುವಿನಲ್ಲೇ ಗೊತ್ತಾಗಿದೆ, ಬೇಗ ಆಪರೇಷನ್ ಮಾಡಿದರೆ ಉಳಿಯುತ್ತಾರೆ ಎಂದರು ಡಾಕ್ಟರು. ಅವ್ವ ಗಮನವಿಟ್ಟು ಕೇಳಿ, "ಒಂದು ಬದಿ ಪೂರ್ತಿ ತೆಗಿತೀರಾ?" ಎಂದಳು. ಹೌದು ಎಂದರು. "ಸುಲಿಯೋ ಕೆಲ್ಸಕ್ಕೆ ಕೈ ಎತ್ತಕ್ಕೆ ಆಗ್ತದಾ?" ಎಂದಳು. ಸ್ವಲ್ಪ ದಿನ ಬೇಕು, ಆಗುತ್ತದೆ ಎಂದರು. ಅಷ್ಟು ಸಾಕಾಯಿತು ಅವಳಿಗೆ.

ಹತ್ತು ದಿನದಲ್ಲಿ ಆಪರೇಷನ್ ಆಯಿತು. ಆಮೇಲಿನ ಔಷಧಿಗೆ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಮಳೆಗಾಲವಿಡೀ ಗಂಜಿಯ ಹೊರತು ಏನೂ ಸೇರಲಿಲ್ಲ. ಮರುವರ್ಷ ಅಡಿಕೆ ಸುಲಿಯುವ ಚಪ್ಪರದಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡು ಹೋಗಿ ಕೂತಳು. ಮೊದಲ ದಿನ ಅರ್ಧ ಡಬ್ಬ ಮಾತ್ರ ಸುಲಿದಳಂತೆ. ಮನೆಗೆ ಬಂದವಳು ಜಗುಲಿಯಲ್ಲಿ ಕಾಲು ಚಾಚಿ, ನೋಯುತ್ತಿದ್ದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, "ಏ, ಒಂದು ಲೋಟ ಕಾಫಿ ಮಾಡೇ, ಸಕ್ರೆ ಜಾಸ್ತಿ ಹಾಕು" ಎಂದು ನನ್ನನ್ನು ಕರೆದಳು.